ಬಲೆ ಬಿಟ್ಟ ವರ್ಷ

ನಾನು ಒಂದು ದೋಣಿ. ಆದರೆ ನನ್ನ ಮೈಯಲ್ಲಿ ಎಷ್ಟು ಹುಡುಕಿದರೂ ಒಂದು ಮೊಳೆ ಸಿಗುವುದಿಲ್ಲ. ನನ್ನನ್ನು ಹೊಲಿದರು. ಹೌದು, ರವಿಕೆ ಹೊಲಿದ ಹಾಗೆಯೇ. ಮಾವಿನ ಹಲಗೆಗಳ ಅಂಚಿಗೆ ಸಾಲಾಗಿ ತೂತು ಕೊರೆದು, ತೆಂಗಿನ ನಾರಿನ ಹುರಿಯನ್ನು ಅತ್ತಿಂದಿತ್ತ ಹಾಯಿಸಿ, ಇಬ್ಬರು ಕಾಲು ಕೊಟ್ಟು ಜಗ್ಗಿ ಬಿಗಿದರು. ಸಂದುಗಳಿಗೆ ನಾರು ತುರುಕಿದರು. ಮೇಲಿಂದ ಮೀನೆಣ್ಣೆ ಬಳಿದರು. ಆ ವಾಸನೆ ಇವತ್ತಿಗೂ ನನ್ನಲ್ಲಿದೆ ಅಂತ ಹತ್ತಿರ ಬಂದವರು ಮೂಗು ಮುಚ್ಚಿಕೊಳ್ಳುವುದರಿಂದ ಗೊತ್ತಾಗುತ್ತದೆ.

ನನ್ನನ್ನು ಮಾಡಿದವರು ಅನಂತ ಆಚಾರಿ. ಗಂಗೊಳ್ಳಿಯ ಹೊಳೆ ಬದಿಯಲ್ಲಿ ಅವರ ಚಪ್ಪರವಿತ್ತು. ಮೊಳೆ ಹೊಡೆದ ದೋಣಿ ಹಟಮಾರಿ, ತೆರೆಯ ಸಂಗಡ ಜಗಳಕ್ಕೆ ನಿಲ್ಲುತ್ತದೆ. ಹೊಲಿದ ದೋಣಿ ಸ್ವಲ್ಪ ಬಳುಕಿ ಬಿಟ್ಟುಕೊಡುತ್ತದೆ ಅಂತ ಹೇಳುತ್ತಿದ್ದರು. ಮುಗಿದ ದಿನ ನನ್ನ ಹೊಟ್ಟೆಯೊಳಗೆ ಕೂತು ಒಂದು ಎಲೆಅಡಿಕೆ ಹಾಕಿ, ಎದ್ದು ಹೋದರು. ಮತ್ತೆ ಅವರನ್ನು ನಾನು ನೋಡಲಿಲ್ಲ.

ಮೊದಲು ನನ್ನನ್ನು ಕೊಂಡವರು ಭಟ್ಕಳದ ಒಬ್ಬ ಸಾಹೇಬರು. ಅವರದ್ದು ಹಂಚಿನ ವ್ಯಾಪಾರ. ಹೊಳೆಯಲ್ಲೇ ಹೋಗುವುದು, ಹೊಳೆಯಲ್ಲೇ ಬರುವುದು. ಹಂಚು ಒಡೆಯಬಾರದು ಅಂತ ನನ್ನನ್ನು ಮಗುವನ್ನು ನಡೆಸಿದ ಹಾಗೆ ನಡೆಸಿದರು. ಆಮೇಲೆ ರಸ್ತೆಯಾಯಿತು, ಲಾರಿ ಬಂತು, ನನಗೆ ಕೆಲಸ ಕಡಿಮೆಯಾಯಿತು. ಕೆಲವು ಕಾಲ ಕೆಸರಲ್ಲಿ ಓರೆಯಾಗಿ ಬಿದ್ದಿದ್ದೆ. ಅಲ್ಲಿಂದ ನನ್ನನ್ನು ಎತ್ತಿದವರು ಅಳಿವೆಕೇರಿಯ ಮೊಗವೀರರು. ಅಳಿವೆ ಅಂದರೆ ಹೊಳೆ ಕಡಲಿಗೆ ಬೀಳುವ ಬಾಯಿ. ಅದರ ಪಕ್ಕದ ಮರಳಲ್ಲಿ ಆ ಕೇರಿ.

ಅವರಿಗೆ ರಂಪಣಿಗೆ ದೋಣಿ ಬೇಕಿತ್ತು. ರಂಪಣಿ ನೋಡದವರಿಗೆ ಸ್ವಲ್ಪ ಹೇಳಬೇಕು. ಅದು ಒಬ್ಬಿಬ್ಬರು ಎಳೆಯುವ ಬಲೆಯಲ್ಲ, ಕೇರಿಗೆ ಕೇರಿಯೇ ಎಳೆಯುವ ಬಲೆ. ಹಗ್ಗದ ಒಂದು ತುದಿ ದಡದಲ್ಲಿ ಜನರ ಕೈಯಲ್ಲಿರುತ್ತದೆ. ಬಲೆಯನ್ನೆಲ್ಲ ನನ್ನ ಹೊಟ್ಟೆಯಲ್ಲಿ ಸುತ್ತಿಟ್ಟುಕೊಂಡು ನಾನು ಕಡಲಿಗೆ ಹೋಗುತ್ತೇನೆ. ಮೀನಿನ ಹಿಂಡಿನ ಆಚೆಗೆ ಬಳಸಿಕೊಂಡು, ಬಲೆಯನ್ನು ಸ್ವಲ್ಪ ಸ್ವಲ್ಪವೇ ನೀರಿಗೆ ಇಳಿಸುತ್ತಾ, ಇನ್ನೊಂದು ತುದಿಯನ್ನು ದಡಕ್ಕೆ ತಂದು ಕೊಡುತ್ತೇನೆ. ಇದಕ್ಕೆ ಬಲೆ ಬಿಡುವುದು ಅನ್ನುತ್ತಾರೆ. ಬಿಟ್ಟ ಮೇಲೆ ಎರಡೂ ತುದಿ ಹಿಡಿದು ಗಂಡಸರು, ಹೆಂಗಸರು, ಮುದುಕರು ಎಲ್ಲರೂ ಎಳೆಯುತ್ತಾರೆ.

ಆ ಬಲೆ ಯಾರದು ಅಂತ ಕೇಳಿದರೆ ಯಾರದೂ ಅಲ್ಲ. ಪ್ರತಿ ಮನೆಯೂ ಒಂದೊಂದು ತುಂಡು ಹೆಣೆದು ಕೊಡಬೇಕು. ಆ ತುಂಡುಗಳನ್ನೆಲ್ಲ ಸೇರಿಸಿ ಕಟ್ಟಿದರೆ ಬಲೆ. ಯಾರ ತುಂಡು ಬಲೆಯಲ್ಲಿದೆಯೋ ಅವರಿಗೆ ಮೀನಿನಲ್ಲಿ ಪಾಲು. ತುಂಡಿಲ್ಲದವರಿಗೆ ಪಾಲಿಲ್ಲ. ಇಷ್ಟೇ ಕಟ್ಟಳೆ.

ನಮ್ಮ ತಾಂಡೇಲ, ಅಂದರೆ ದೋಣಿಯ ಮುಖ್ಯಸ್ಥ, ಕುಷ್ಟ. ಎತ್ತರದ ಆಳು, ಮಾತು ಕಡಿಮೆ. ಎದುರಿನ ಹುಟ್ಟು ಹಾಕುವವನು ಬಚ್ಚ. ಅವನ ಬಾಯಿ ಅವನ ಕೈಗಿಂತ ಜೋರು, ಕೈಯೇನೂ ಕಡಿಮೆ ಅಲ್ಲ. ಮನೆ ತುಂಬ ಮಕ್ಕಳು. ಅವನ ಪಕ್ಕದ ಮನೆ ದುರ್ಗಿಯದ್ದು. ದುರ್ಗಿಯ ಗಂಡ ಅಳಿವೆ ದಾಟುವಾಗ ತೆರೆಗೆ ಸಿಕ್ಕಿ ಹೋದ. ಮಕ್ಕಳಿಲ್ಲ. ಮನೆಯಲ್ಲಿ ಹಾಸಿಗೆ ಹಿಡಿದ ಅತ್ತೆ. ಹುಟ್ಟು ಹಾಕಲು ಗಂಡಸಿಲ್ಲದ ಮನೆಯಾದರೂ ಅವಳ ತುಂಡು ಬಲೆಯಲ್ಲಿತ್ತು. ಆದ್ದರಿಂದ ಅವಳ ಪಾಲು ಅವಳಿಗೆ ಬರುತ್ತಿತ್ತು. ಆ ಪಾಲೇ ಅತ್ತೆ ಸೊಸೆಯರ ಗಂಜಿ. ಬೇರೆ ಏನೂ ಇರಲಿಲ್ಲ.

ಆ ಹೊತ್ತಿಗೆ ದೂರದಲ್ಲೆಲ್ಲೋ ಯುದ್ಧ ಶುರುವಾಗಿ ಕೆಲವು ವರ್ಷಗಳಾಗಿದ್ದವು. ಅಳಿವೆಕೇರಿಗೆ ಅದು ಮೊದಲು ಬಂದದ್ದು ಅಂಗಡಿಯ ಬಾಗಿಲಿಗೆ. ಅಕ್ಕಿ ಸಿಗಲಿಲ್ಲ. ಸೀಮೆಎಣ್ಣೆ ಸಿಗಲಿಲ್ಲ. ಬಲೆ ಹೆಣೆಯುವ ನೂಲಂತೂ ಕಣ್ಣಿಗೇ ಬೀಳಲಿಲ್ಲ. ಆಮೇಲೆ ನೀರಿನ ಮೇಲೆ ಕಪ್ಪು ಎಣ್ಣೆ ತೇಲಿ ಬಂತು. ಅದು ನನ್ನ ಮೈಗೆ ಹತ್ತಿದರೆ ಎಷ್ಟು ಉಜ್ಜಿದರೂ ಹೋಗುತ್ತಿರಲಿಲ್ಲ. ನೀರಿನ ಅಡಿಯಲ್ಲಿ ಓಡುವ ಹಡಗುಗಳಿವೆಯಂತೆ, ಮೇಲಿನ ಹಡಗುಗಳನ್ನು ಅವು ಹೊಡೆಯುತ್ತವಂತೆ ಅಂತ ಜನ ಮಾತಾಡಿಕೊಂಡರು. ಗೊತ್ತಿಲ್ಲದವರು ಕಡಲಿಂದ ಬಂದರೆ ಹತ್ತಿರ ಹೋಗಬೇಡಿ, ಶತ್ರುಗಳಿರಬಹುದು ಅಂತ ಪಟೇಲರು ಡಂಗುರ ಹೊಡೆಸಿದರು.

ಆದರೂ ಮಳೆಗಾಲ ಮುಗಿದ ಮೇಲೆ ರಂಪಣಿ ನಿಲ್ಲುವ ಹಾಗಿರಲಿಲ್ಲ.

ಆ ದಿನದ ಮಾತು. ಗಾಳಿಯಿಲ್ಲದ ಮಧ್ಯಾಹ್ನ, ಕಡಲ ಮೇಲೆ ಬಿಸಿಲಿನ ಮಂಜು. ಬಲೆ ತುಂಬಿಕೊಂಡು, ತೆರೆ ಒಡೆಯುವ ಜಾಗ ದಾಟಿ ನಾನು ಕಾದು ನಿಂತಿದ್ದೆ. ಹಗ್ಗದ ತುದಿಯನ್ನು ಇನ್ನೂ ದಡಕ್ಕೆ ಕೊಟ್ಟಿರಲಿಲ್ಲ, ಅದು ಹಿಂಡು ಗೊತ್ತಾದ ಮೇಲೆ. ಹಿಂಡು ಹುಡುಕಲು ಶೀನ ಚಿಕ್ಕ ದೋಣಿಯಲ್ಲಿ ಮುಂದೆ ಹೋಗಿದ್ದ. ಹಿಂಡು ಕಂಡರೆ ಅವನು ಎದ್ದು ನಿಂತು ತಲೆಬಟ್ಟೆ ಬಿಚ್ಚಿ ಬೀಸಬೇಕು. ಪಕ್ಕಕ್ಕೆ ಬೀಸಿದರೆ ಆ ಕಡೆ ಮೀನು. ತಲೆಯ ಮೇಲೆ ಸುತ್ತು ಬೀಸಿದರೆ ಬೇಕಾದಷ್ಟು ಮೀನು, ತಡ ಮಾಡದೆ ಬನ್ನಿ ಅಂತ.

ಮಂಜಿನಲ್ಲಿ ಬಣ್ಣ ತಿಳಿಯದ ಒಂದು ಬಟ್ಟೆ ಸುತ್ತು ಬೀಸುವುದು ಎಲ್ಲರಿಗೂ ಕಂಡಿತು.

"ಹಾಕ್ರಾ ಹುಟ್ಟ್!" ಅಂದ ಕುಷ್ಟ. ಹುಟ್ಟುಗಳು ಒಟ್ಟಿಗೆ ಬಿದ್ದವು. ಆ ವರ್ಷ ಸರಿಯಾದ ಹಿಂಡು ಇನ್ನೂ ಸಿಕ್ಕಿರಲಿಲ್ಲ. ಬಚ್ಚ ಆಗಲೇ ನಗಾಡುತ್ತಿದ್ದ. "ಈ ಸರ್ತಿ ನನ್ ಹೆಂಡ್ತಿ ಬುಟ್ಟಿ ಸಾಲ್ದ್ ಅಂದ್ ಸೀರಿ ಸೆರ್ಗ್ ಹಿಡಿತ್ಲ್ ಕಾಣಿ!"

ಎಷ್ಟು ಹುಟ್ಟು ಹಾಕಿದರೂ ಬಟ್ಟೆ ಹತ್ತಿರ ಬರಲಿಲ್ಲ. ಮಂಜು ದೂರವನ್ನು ಹತ್ತಿರ ಮಾಡಿ ತೋರಿಸಿತ್ತು. ದಡ ಹಿಂದೆ ಒಂದು ಗೆರೆಯಾಯಿತು. ಆಗ ಎಡಗಡೆಯಿಂದ ಶೀನನ ದೋಣಿ ಬಂತು.

"ಹ್ವಾಯ್! ಬಲೆ ಹೇರ್ಕಂಡ್ ಎಲ್ಲಿಗ್ ಹೊರ್ಟ್ರಿ? ಬೊಂಬಾಯಿಗಾ?"

"ನೀ ಬೀಸಿದ್ದಲ್ದನಾ?" ಅಂದ ಕುಷ್ಟ.

"ನಾನ್ ಎಲ್ಲ್ ಬೀಸ್ದೆ? ನಾ ಒಂದ್ ಬಂಗಡೆ ಬಾಲವೂ ಕಾಣ್ಲಿಲ್ಲೆ. ಕಾಣಿ, ನನ್ ತಲೆಬಟ್ಟೆ ತಲಿ ಮೇಲೇ ಇತ್ತ್."

ಎಲ್ಲರೂ ಅವನ ತಲೆ ನೋಡಿದರು. ಕೆಂಪು ಬಟ್ಟೆ. ಆಮೇಲೆ ಎಲ್ಲರೂ ಮಂಜಿನೊಳಗೆ ನೋಡಿದರು. ಅಲ್ಲಿಯ ಬಟ್ಟೆ ಬಿಳಿಯದು, ಇನ್ನೂ ಸುತ್ತುತ್ತಲೇ ಇತ್ತು.

"ಹಾಂಗಾರೆ ಅದ್ ಯಾರ್ ಮಾರಾಯಾ?"

ಬಚ್ಚ ಹುಟ್ಟು ಎತ್ತಿ ನನ್ನ ಅಂಚಿನ ಮೇಲಿಟ್ಟ. "ತಿರ್ಗ್ಸಿ ಕುಷ್ಟಣ್ಣ. ಅದ್ ಯುದ್ಧದ್ ಜನ. ಪಟೇಲ್ರ್ ಹೇಳಿದ್ದ್ ಕೇಂಡಿದ್ರಿ ಅಲ್ದಾ?"

ಕುಷ್ಟ ಆ ಬಟ್ಟೆಯ ಕಡೆಗೇ ನೋಡುತ್ತಿದ್ದ. "ಕರ್ದದ್ದ್ ಕಂಡಾಯ್ತಲ್ಲಾ ಬಚ್ಚ," ಅಂದ. "ಕಾಣ್ಲಿಲ್ಲೆ ಅಂದ್ ಹ್ಯಾಂಗ್ ಹೇಳೂದ್?"

ಅಷ್ಟೇ. ಹುಟ್ಟುಗಳು ಮತ್ತೆ ಬಿದ್ದವು.

ಅದು ಹಡಗಿನವರು ಜೀವ ಉಳಿಸಿಕೊಳ್ಳಲು ಇಟ್ಟುಕೊಳ್ಳುವ ದೋಣಿ. ನನ್ನ ಜಾತಿಯದೇ, ಆದರೆ ಮೊಳೆಯದು. ಒಂದು ಪಕ್ಕ ಸುಟ್ಟು ಒಡೆದುಹೋಗಿತ್ತು. ಅಂಚಿನವರೆಗೂ ನೀರು ತುಂಬಿತ್ತು. ಕೆಲವರು ಅದರೊಳಗೆ ಎದೆಮಟ್ಟ ನೀರಲ್ಲಿ ಕೂತಿದ್ದರು. ಕೆಲವರು ಹೊರಗೆ ನೀರಲ್ಲೇ ಅಂಚು ಹಿಡಿದು ಜೋತಿದ್ದರು. ಬಿಳಿಯರಿದ್ದರು, ನಮ್ಮ ಬಣ್ಣದವರೂ ಇದ್ದರು. ಆದರೆ ಎಣ್ಣೆ ಮೆತ್ತಿಕೊಂಡು ಎಲ್ಲರೂ ಒಂದೇ ಬಣ್ಣವಾಗಿದ್ದರು. ಆ ಬಿಳಿ ಅಂಗಿ ಬೀಸುತ್ತಿದ್ದವನು ನಾವು ಪಕ್ಕಕ್ಕೆ ಬಂದು ನಿಂತ ಮೇಲೂ ಬೀಸುತ್ತಲೇ ಇದ್ದ. ಅವನ ಕೈಗೆ ನಿಲ್ಲಿಸುವುದು ಮರೆತುಹೋಗಿತ್ತು. ಶೀನ ತನ್ನ ದೋಣಿಯಿಂದ ಬಾಗಿ ಮೆಲ್ಲಗೆ ಆ ಕೈ ಹಿಡಿದು ಕೆಳಗಿಳಿಸಿದ.

ಪಡುವಣದಲ್ಲಿ ನೀರು ಕಪ್ಪಾಗುತ್ತಿತ್ತು. ಗಾಳಿ ಏಳುವ ಗುರುತು ಅದು. ಆ ಒಡೆದ ದೋಣಿಗೆ ಒಂದು ದೊಡ್ಡ ತೆರೆ ಸಾಕಿತ್ತು. ಶೀನನ ದೋಣಿಯಲ್ಲಿ ಹೆಚ್ಚೆಂದರೆ ಇನ್ನೊಬ್ಬ ಕೂರಬಹುದು. ನನ್ನ ಹೊಟ್ಟೆಯಲ್ಲಿ ಬಲೆ ತುಂಬಿತ್ತು, ಕಾಲಿಡಲೂ ಜಾಗವಿರಲಿಲ್ಲ.

"ಇವ್ರ್‌ನ್ ಎಲ್ಲ್ ಕೂರ್ಸೂದ್?" ಅಂದ ಬಚ್ಚ. "ನಮ್ ತಲಿ ಮೇಲಾ?"

"ಬಲೆ ಬಿಡ್ಕ್," ಅಂದ ಕುಷ್ಟ. ನೀರಿಗೆ ಬಿಡಬೇಕು ಅಂತ.

"ಬಲೆ ಬಿಡ್ಕಾ? ದಡದಂಗೆ ಹಗ್ಗ ಹಿಡೂಕೆ ಯಾರ್ ಇದ್ರ್?"

"ಯಾರೂ ಇಲ್ಲೆ."

ಬಚ್ಚ ಎದ್ದು ನಿಂತ. ನಾನು ಅಲುಗಾಡಿದೆ. "ಕುಷ್ಟಣ್ಣ, ಬಲೆ ನಿಮ್ ಒಬ್ರದ್ದಲ್ಲ. ಮನಿಗೊಂದ್ ತುಂಡ್ ಇತ್ತ್ ಇದ್ರಂಗೆ. ಈ ಬಲೆ ಹೋರೆ ಇನ್ನೊಂದ್ ಮಾಡೂಕೆ ನೂಲ್ ಎಲ್ಲಿತ್ತ್? ಮಕ್ಳಿಗೆ ಎಂತ ಹಾಕೂದ್? ಹೆಂಗ್ಸ್ರಿಗೆ ಎಂತ ಹೇಳ್ತ್ರಿ?"

ಅವನು ಹೇಳಿದ್ದರಲ್ಲಿ ಒಂದು ಮಾತೂ ಸುಳ್ಳಾಗಿರಲಿಲ್ಲ. ಅದು ಕುಷ್ಟನಿಗೂ ಗೊತ್ತಿತ್ತು.

"ಹೇಳೂದ್ ನಾನ್ ಹೇಳ್ತೆ," ಅಂದ. "ನೀ ಕೈ ಹಾಕ್."

ಬಲೆಯನ್ನು ಎತ್ತಿ ಎಸೆಯುವುದು ಅವರ ಕೈಗೆ ಬರುತ್ತಿರಲಿಲ್ಲ. ಬಿಡುವುದು ಮಾತ್ರ ಬರುತ್ತಿತ್ತು. ಹಾಗೆ ಒಟ್ಟಾರೆ ಎಸೆದರೆ ನೀರಲ್ಲಿದ್ದವರ ಕಾಲಿಗೆ ಸುತ್ತಿಕೊಳ್ಳುತ್ತಿತ್ತು ಕೂಡ. ಆದ್ದರಿಂದ ನನ್ನನ್ನು ಸ್ವಲ್ಪ ದೂರ ತಂದು, ಯಾವಾಗಲೂ ನಿಲ್ಲುವ ಹಾಗೆ ಸಾಲಾಗಿ ನಿಂತು, ತೇಲಲು ಕಟ್ಟಿದ ಬೆಂಡಿನ ಬದಿ ಒಬ್ಬ, ಮುಳುಗಲು ಕಟ್ಟಿದ ಕಲ್ಲಿನ ಬದಿ ಒಬ್ಬ, ಅಂದವಾಗಿಯೇ ಬಿಟ್ಟರು. ಬಲೆ ಬಿಡುವಾಗ ಕೂಗುವ ಒಂದು ಕೂಗಿದೆ. ಅದನ್ನು ಆ ದಿನ ಯಾರೂ ಕೂಗಲಿಲ್ಲ.

ಪ್ರತಿ ತುಂಡಿನ ಕೊನೆಗೂ ಆ ಮನೆಯ ಗುರುತು ಕಟ್ಟಿರುತ್ತದೆ. ಒಂದು ಬಟ್ಟೆಯ ಚೂರೋ, ಒಂದು ಕವಡೆಯೋ, ಒಂದು ಬಗೆಯ ಗಂಟೋ. ಗುರುತು ಕೈಗೆ ಬಂದಾಗ ಯಾರೋ ಮೆಲ್ಲಗೆ ಹೇಳುತ್ತಿದ್ದರು. "ಇದ್ ಸುಬ್ಬನ್ ಮನಿದ್." "ಇದ್ ದುರ್ಗಕ್ಕಂದ್." ಹೇಳಿದ ಮೇಲೆ ಅದು ನನ್ನ ಅಂಚು ಸವರಿಕೊಂಡು ನೀರಿಗೆ ಹೋಗುತ್ತಿತ್ತು. ಹೆಂಗಸರು ಚಿಮಣಿ ಬೆಳಕಲ್ಲಿ ಕಣ್ಣು ಹಾಳುಮಾಡಿಕೊಂಡು ಹೆಣೆದ ತುಂಡುಗಳು.

ಕಡೆಗೆ ಎರಡು ಮನೆಯ ತುಂಡುಗಳು ಉಳಿದವು. ಮೊದಲು ಹೇರಿದ್ದರಿಂದ ಅವು ತಳದಲ್ಲಿದ್ದವು. ಒಂದು ಕುಷ್ಟನದು, ಇನ್ನೊಂದು ಬಚ್ಚನದು.

"ಸಾಕ್," ಅಂದ ಬಚ್ಚ. "ಜಾಗ ಆಯ್ತ್. ಇದ್ ಇರ್ಲಿ."

ಜಾಗ ಆಗಿತ್ತು. ನನ್ನ ಹೊಟ್ಟೆ ನನಗೆ ಗೊತ್ತಿಲ್ಲವೇ? ಅವೆರಡು ತುಂಡುಗಳ ಮೇಲೆಯೇ ಜನರನ್ನು ಕೂರಿಸಬಹುದಿತ್ತು.

ಕುಷ್ಟ ತನ್ನ ಮನೆಯ ಗುರುತನ್ನು ಬೆರಳಲ್ಲಿ ಮುಟ್ಟಿ ನೋಡಿದ. "ಎಲ್ರದ್ದೂ ಬಿಟ್ಟ್, ನಂದೂ ನಿಂದೂ ಇಟ್ಕಂಡ್ ದಡಕ್ ಹೋಯಿ, ಯಾವ್ ಮೋರೆ ತೋರ್ಸೂದ್ ಬಚ್ಚ?" ಅಂದ. ಅಂದವನೇ ಎರಡನ್ನೂ ನೀರಿಗೆ ಬಿಟ್ಟ. ಬಚ್ಚ ಅವನ ರಟ್ಟೆ ಹಿಡಿದ. ಆದರೆ ತಡವಾಗಿತ್ತು. ಕಲ್ಲು ಕಟ್ಟಿದ ಬಲೆ ಒಮ್ಮೆ ಹೊರಟರೆ ಹಿಡಿಯಲು ಆಗುವುದಿಲ್ಲ.

ಕುಷ್ಟ ಮಾಡಿದ್ದು ಸರಿಯೇ? ಎಷ್ಟೋ ಮಳೆಗಾಲ ಚಪ್ಪರದಡಿ ಮಲಗಿ ಇದನ್ನೇ ಯೋಚಿಸಿದ್ದೇನೆ. ನನಗೆ ಇವತ್ತಿಗೂ ಗೊತ್ತಾಗಿಲ್ಲ. ಆ ಎರಡು ತುಂಡುಗಳ ಭಾರವನ್ನೂ ನಾನು ಹೊರುತ್ತಿದ್ದೆ.

ಆಮೇಲೆ ಜನರನ್ನು ಎತ್ತಿದರು. ತೋಳು ಹಿಡಿದರೆ ಚರ್ಮ ಕೈಗೆ ಬರುತ್ತಿತ್ತು. ಆದ್ದರಿಂದ ಕಂಕುಳಿಗೆ ಹಗ್ಗ ಹಾಯಿಸಿ ಎತ್ತಿದರು. ನೀರಿನಿಂದ ಮೇಲೆ ಬಂದದ್ದೇ ಒಬ್ಬಿಬ್ಬರು ಮಕ್ಕಳ ಹಾಗೆ ಅತ್ತರು. ಗಂಜಿತಿಳಿಯ ಮಡಕೆ ಇತ್ತು. ಕುಷ್ಟ ಅದನ್ನು ತೆಂಗಿನ ಚಿಪ್ಪಿನಲ್ಲಿ ಒಬ್ಬೊಬ್ಬರಿಗೆ ಗುಟುಕು ಗುಟುಕಾಗಿ ಕೊಟ್ಟ. ಎರಡನೇ ಸಲ ಯಾರು ಕೈ ಚಾಚಿದರೂ "ತಡಿ, ತಡಿ" ಅಂದ. ಆ ಮಾತು ಅವರಿಗೆ ತಿಳಿಯದಿದ್ದರೂ ತಡೆದರು. ಅವರಲ್ಲಿ ರತ್ನಾಗಿರಿ ಕಡೆಯ ಇಸ್ಮಾಯಿಲ್ ಅನ್ನುವ ಒಬ್ಬ ಖಲಾಸಿ, ಹಡಗಿನ ಆಳು, ಇದ್ದ. ಅವನಿಗೆ ಕೊಂಕಣಿಯ ನಾಲ್ಕು ಮಾತು ಬರುತ್ತಿತ್ತು. ಹಡಗಿಗೆ ನೀರಿನಡಿಯಿಂದ ಹೊಡೆದರು, ನಿಂತ ನಿಲುವಿನಲ್ಲೇ ಬೆಂಕಿ ಹತ್ತಿತು, ಉಳಿದವರು ಇಷ್ಟೇ ಅಂತ ಅವನು ಹೇಳಿದ.

ಎಲ್ಲರನ್ನೂ ಎತ್ತಿ ಮುಗಿದಾಗ ನೀರು ನನ್ನ ಅಂಚಿನ ಹತ್ತಿರಕ್ಕೆ ಬಂದಿತ್ತು. ಇನ್ನೆರಡು ತುಂಡು ಬಲೆ ಇದ್ದಿದ್ದರೂ ಅಳಿವೆಯ ತೆರೆ ದಾಟುತ್ತಿದ್ದೆ ಅಂತಲೇ ಈಗಲೂ ನನಗನ್ನಿಸುತ್ತದೆ. ಆದರೆ ದಾಟುವ ಹೊತ್ತಿಗೆ ಗಾಳಿ ಎದ್ದಿತ್ತು. ನನ್ನ ಹೊಲಿಗೆಗಳೆಲ್ಲ ನರಳಿದವು. ಬಚ್ಚ ಆ ದಿನ ಹುಟ್ಟು ಹಾಕಿದ ಹಾಗೆ ಮತ್ತೆಂದೂ ಹಾಕಿದ್ದನ್ನು ನಾನು ನೋಡಿಲ್ಲ. ಸಿಟ್ಟಿಗೋ, ಭಯಕ್ಕೋ, ತಿಳಿಯದು.

ದಾರಿಯಲ್ಲೇ ಒಬ್ಬ ಸತ್ತ. ನರೆತ ಮೀಸೆಯ ಗಂಡಸು. ಮೈ ಅರ್ಧ ಬೆಂದುಹೋಗಿತ್ತು. ನನ್ನ ಪಕ್ಕೆಗೆ ತಲೆ ಆನಿಸಿಕೊಂಡಿದ್ದ. ಉಸಿರು ನಿಂತದ್ದು ನನಗೆ ಮೊದಲು ಗೊತ್ತಾಯಿತು.

ಸಂಜೆ ಬಿಸಿಲಲ್ಲಿ ದಡದವರು ನಮ್ಮನ್ನು ನೋಡಿದರು. ಅವರು ನೋಡಿದ್ದೇನು? ಅಂಚಿನವರೆಗೆ ನೀರಲ್ಲಿ ಮುಳುಗಿ, ಮೆಲ್ಲ ಮೆಲ್ಲಗೆ ಬರುವ ದೋಣಿಯನ್ನು. ಆ ಕೇರಿಯಲ್ಲಿ ಅದಕ್ಕೆ ಒಂದೇ ಅರ್ಥ. ಹೆಂಗಸರು ಬುಟ್ಟಿ ಎತ್ತಿಕೊಂಡು ಓಡಿಬಂದರು. ಮಕ್ಕಳು ಕುಣಿದರು. ಯಾರೋ ನಗುತ್ತಾ ಕೂಗಿದರು, "ಎಷ್ಟ್ ಬಂತ್ರಾ? ಬಾಯ್ ಬಿಡಿ!"

ದೋಣಿಯಲ್ಲಿ ಯಾರೂ ಬಾಯಿ ಬಿಡಲಿಲ್ಲ. ನಾನು ಮರಳಿಗೆ ತಾಗಿ ನಿಂತೆ. ಹೆಂಗಸರು ಬಗ್ಗಿ ಒಳಗೆ ನೋಡಿದರು. ಬುಟ್ಟಿಗಳು ಒಂದೊಂದಾಗಿ ಕೆಳಗಿಳಿದವು.

"ಬಲೆ ಎಲ್ಲ್?" ಅಂತ ಕೇಳಿದಳು ಬಚ್ಚನ ಹೆಂಡತಿ.

ಹೇಳುವುದನ್ನು ನಾನು ಹೇಳುತ್ತೇನೆ ಅಂದಿದ್ದ ಕುಷ್ಟ ಹೇಳಿದ. ಮೂರು ಮಾತಲ್ಲಿ ಮುಗಿಯಿತು. ಯಾರೋ ಅಳಲು ಶುರುಮಾಡಿದರು. ಎಂಥ ಅಳು ಅಂತೀರಿ, ಮನೆಯಲ್ಲಿ ಯಾರೋ ತೀರಿಕೊಂಡ ಹಾಗೆ. ಈ ಕಡೆ ನನ್ನೊಳಗಿದ್ದವರು ನಡುಗುತ್ತಾ ಕೂತಿದ್ದರು. ಬೈಯಬೇಕೋ ಹೊದಿಸಬೇಕೋ ಯಾರಿಗೂ ತಿಳಿಯಲಿಲ್ಲ.

ಕುಷ್ಟ ನನ್ನ ಮೂತಿಯ ಹತ್ತಿರ ಹೋಗಿ ನಿಂತ. ಮೀನು ಹಂಚುವಾಗ ಅವನು ನಿಲ್ಲುತ್ತಿದ್ದ ಜಾಗ ಅದು. ಅವನಿಗೆ ಬೇರೆ ದಾರಿ ತೋಚಲಿಲ್ಲವೋ ಏನೋ, ಯಾವಾಗಲೂ ಹೇಳುವುದನ್ನೇ ಹೇಳಿದ.

"ಬನ್ನಿ. ಪಾಲ್ ಮಾಡುವ."

ಹಾಗೆ ಮನುಷ್ಯರನ್ನು ಪಾಲು ಮಾಡಿದರು. ಮನೆಗಳು ಹೆಚ್ಚು, ಜನ ಕಡಿಮೆ. ಆದ್ದರಿಂದ ಎರಡು ಮನೆ ಸೇರಿ ಒಬ್ಬರನ್ನು ನೋಡಿಕೊಳ್ಳಬೇಕು ಅಂತಾಯಿತು. ಸುಬ್ಬನ ಮನೆಗೆ ಇಸ್ಮಾಯಿಲ್. ಕುಷ್ಟನ ಮನೆಗೆ ಕೈ ಸುಟ್ಟ ಬಿಳಿಯ. ಬಚ್ಚನ ಮನೆಗೆ ಅಂಗಿ ಬೀಸಿದವನು. ಬಚ್ಚ ಗೊಣಗಿದ, ಆದರೆ ಅವನನ್ನು ಬೆನ್ನ ಮೇಲೆ ಹೊತ್ತುಕೊಂಡೇ ಹೋದ.

ಎಲ್ಲರೂ ಚದುರುವಾಗ ದುರ್ಗಿ ಒಬ್ಬಳೇ ಉಳಿದಳು. ಬುಟ್ಟಿ ಕಂಕುಳಲ್ಲೇ ಇತ್ತು.

"ನನ್ ಪಾಲ್ ಎಲ್ಲ್ ಕುಷ್ಟಣ್ಣ?"

"ನೀ ಒಂಟಿ ಹೆಂಗ್ಸ್ ದುರ್ಗಿ. ಮನ್ಯಂಗೆ ಎದ್ದ್ ಕೂರೂಕಾಗ್ದ ಅತ್ತೆ. ನಿಂಗ್ ಬ್ಯಾಡ ಅಂದ್ ಬಿಟ್ಟದ್ದ್."

"ನನ್ ತುಂಡೂ ಬಲ್ಯಂಗ್ ಇತ್ತಲ್ದಾ?"

"ಇತ್ತ್."

"ಮತ್ತೆ?"

"ಇನ್ ಯಾರೂ ಉಳಿಲಿಲ್ಲೆ ಮಗಾ."

ದುರ್ಗಿ ನನ್ನ ಒಳಗೆ ನೋಡಿದಳು. "ಒಬ್ರ್ ಇದ್ರಲ್ಲ," ಅಂದಳು.

ನರೆತ ಮೀಸೆಯವನು ನನ್ನ ಪಕ್ಕೆಗೆ ಆನಿಸಿದ ಹಾಗೇ ಇದ್ದ. ಅವನನ್ನು ಏನು ಮಾಡುವುದು ಅಂತ ಯಾರೂ ಯೋಚಿಸಿರಲಿಲ್ಲ. ಬದುಕಿದವರ ಗಡಿಬಿಡಿಯಲ್ಲಿ ಬಿಟ್ಟುಹೋಗಿತ್ತು. ಕುಷ್ಟ ಅವಳ ಮುಖ ನೋಡಿದ. ಆಮೇಲೆ ತಾನೇ ನೀರಿಗಿಳಿದು ಅವನನ್ನು ಎತ್ತಿ ಮರಳ ಮೇಲೆ ಮಲಗಿಸಿದ.

ಅವಳು ಮನೆಯಿಂದ ಬಿಸಿನೀರು ತಂದಳು. ನನ್ನ ನೆರಳಲ್ಲೇ ಕೂತು ಅವನ ಮೈ ತೊಳೆದಳು. ಎಣ್ಣೆ ಹೋಗಲು ತೆಂಗಿನ ನಾರಿನಿಂದ ಉಜ್ಜಿದಳು, ಬೆಂದ ಜಾಗದಲ್ಲಿ ಬರೀ ಬೆರಳಿಂದ ಸವರಿದಳು. ಉಗುರಿನ ಸಂದಿಯ ಕಪ್ಪು ಮಾತ್ರ ಹೋಗಲಿಲ್ಲ. ಅದು ಎಣ್ಣೆಯಲ್ಲ, ಇದ್ದಲು. ಹಡಗಿನ ಒಲೆಗೆ ಇದ್ದಲು ಹಾಕುವವನಂತೆ, ಕೊನೆಯ ಬಂದರಿನಲ್ಲಿ ಹತ್ತಿದ್ದಂತೆ. ಇಸ್ಮಾಯಿಲ್‌ಗೂ ಅವನ ಹೆಸರು ಗೊತ್ತಿರಲಿಲ್ಲ, ಯಾವ ಜಾತಿ ಅಂತಲೂ ಗೊತ್ತಿರಲಿಲ್ಲ. ಸುಡುವುದೋ ಹೂಳುವುದೋ ಅಂತ ಚರ್ಚೆಯಾಯಿತು. "ಅಷ್ಟ್ ಬೆಂದದ್ದ್ ಸಾಲ್ದಾ? ಇನ್ ಸುಡೂದ್ ಬ್ಯಾಡ," ಅಂದಳು ದುರ್ಗಿ. ನನ್ನ ಹಿಂದಿನ ಮರಳ ದಿಬ್ಬದಲ್ಲಿ ಹೂತರು. ಅವಳು ಗಡಿಗೆಯ ಅಕ್ಕಿಯಲ್ಲಿ ಒಂದು ಮುಷ್ಟಿ ತಂದು ಮೇಲೆ ಚೆಲ್ಲಿದಳು. ಆ ದಿನಗಳಲ್ಲಿ ಒಂದು ಮುಷ್ಟಿ ಅಕ್ಕಿ ಅಂದರೇನು ಅಂತ ಆ ಕಾಲ ನೋಡಿದವರಿಗೆ ಹೇಳಬೇಕಾಗಿಲ್ಲ.

ಬೆಳಗ್ಗೆ ಬಲೆ ಹುಡುಕಲು ಹೋದೆವು. ಸೆಳೆತ ಅದನ್ನು ಎಲ್ಲಿಗೋ ಒಯ್ದಿತ್ತು. ಒಂದು ಬೆಂಡೂ ಸಿಗಲಿಲ್ಲ.

ಕೆಲವು ದಿನಗಳ ಮೇಲೆ ಲಾರಿಯಲ್ಲಿ ಸರಕಾರದ ಕಡೆಯವರು ಬಂದರು, ಉಳಿದವರನ್ನೆಲ್ಲ ಕರೆದುಕೊಂಡು ಹೋದರು. ಅಂಗಿ ಬೀಸಿದವನು ಬಚ್ಚನ ಮಕ್ಕಳ ತಲೆ ಸವರಿ ಅತ್ತ. ಕೇರಿಯವರಿಗೆ ಹೊಗಳಿಕೆಯ ಮಾತು ಸಿಕ್ಕಿತು, ಒಂದಿಷ್ಟು ಕಂಬಳಿ ಸಿಕ್ಕಿತು. ಕಂಬಳಿಯಿಂದ ಬಲೆ ಆಗುವುದಿಲ್ಲ.

ಆ ಹುಡುಕಾಟದ ಮೇಲೆ ಆ ವರ್ಷ ನಾನು ಮತ್ತೆ ನೀರಿಗೆ ಇಳಿಯಲೇ ಇಲ್ಲ. ಗಂಡಸರು ಬೀಸುಬಲೆ ಹಿಡಿದು ಹೊಳೆಯಲ್ಲಿ ಸಣ್ಣ ಮೀನು ಅರಸಿದರು. ಹೆಂಗಸರು ಮೂಡಣದ ಗದ್ದೆ ಊರುಗಳಿಗೆ ಕೂಲಿಗೆ ಹೋದರು. ದುರ್ಗಿ ಕೂಲಿಯ ಬದಲಿಗೆ ಸೆಣಬಿನ ನಾರು ಕೇಳಿ ತಂದಳು. ಅದನ್ನು ತೊಡೆಯ ಮೇಲಿಟ್ಟು ಹೊಸೆದು ಹುರಿ ಮಾಡಿದಳು. ಅವಳನ್ನು ನೋಡಿ ಉಳಿದವರೂ ತಂದರು. ತೊಡೆ ಹುಣ್ಣಾದರೆ ಎಣ್ಣೆ ಹಚ್ಚಿಕೊಂಡು ಮತ್ತೆ ಹೊಸೆಯುತ್ತಿದ್ದರು. ಹೊಸ ಬಲೆಗೆ ತುಂಡುಗಳು ಹೀಗೆ ಶುರುವಾದವು.

ಮಳೆಗಾಲ ಮುಗಿಯುವಾಗ ಗಂಡಸರು ನನ್ನ ಪಕ್ಕದಲ್ಲಿ ಸೇರಿದರು, ತುಂಡುಗಳನ್ನು ಕಟ್ಟುವ ಮಾತಿಗೆ. ಹೆಂಗಸರು ಸ್ವಲ್ಪ ದೂರದಲ್ಲಿ ನಿಂತಿದ್ದರು. ಬಚ್ಚ ಮಾತು ತೆಗೆದ.

"ನಾರ್ ಸಾಲ್ದ್. ಈ ಸರ್ತಿ ಬಲೆ ಗಿಡ್ಡ. ಬಲೆ ಗಿಡ್ಡ ಆರೆ ಮೀನೂ ಕಮ್ಮಿ. ಹುಟ್ಟ್ ಹಾಕುವ ಗಂಡ್ ಇಪ್ಪ ಮನಿ ತುಂಡ್ ಮಾತ್ರ ಕಟ್ಟುವ. ಉಳ್ದವ್ರ್ ಮುಂದಿನ್ ವರ್ಷ ಕಾಂಬ."

ದುರ್ಗಿಯ ಹೆಸರನ್ನು ಅವನು ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ. ಕೆಲವರು ತಲೆಯಾಡಿಸಿದರು. ಹಸಿವು ನೋಡಿ ಬಂದ ಜನ, ನಾನು ಅವರನ್ನು ಬೈಯಲಾರೆ.

ಬಚ್ಚ ಕುಷ್ಟನ ಕಡೆ ತಿರುಗಿದ. "ಬಲೆ ಹೋದ್ ವರ್ಷ ನನ್ ತುಂಡ್ ಸುಮ್ನೆ ಹೋಯ್ತ್. ಜಾಗ ಇತ್ತ್. ನಿಮ್ ದೊಡ್ಡಸ್ತಿಕಿಗೆ ಹೋಯ್ತ್. ಅದ್ನೂ ನುಂಗ್ಕಂಡಿದೆ. ಇನ್ ಆತಿಲ್ಲೆ."

ಕುಷ್ಟ ಮರಳನ್ನು ನೋಡುತ್ತಾ ಕೂತಿದ್ದ. ಮಾತಾಡಿದ್ದು ದುರ್ಗಿ. ಗಂಡಸರ ಕೂಟದ ನಡುವೆ ಬಂದು ತನ್ನ ತುಂಡಿನ ಸುರುಳಿಯನ್ನು ನನ್ನ ಅಂಚಿನ ಮೇಲಿಟ್ಟಳು.

"ಬಚ್ಚಣ್ಣ, ಬಲೆ ಹೋಯ್ತ್ ಹೋಯ್ತ್ ಅಂತ್ರಿ. ಹೋಪ್ಕೆ ಅದಕ್ ಕಾಲ್ ಇತ್ತಾ? ನೀವ್ ಬಿಟ್ಟದ್ದ್. ಬಿಟ್ಟ ಬಲಿಗೆ ಬಂದದ್ದೂ ಬಂತ್. ಬಂದದ್ದನ್ನ ಪಾಲೂ ಮಾಡಿದ್ರಿ. ನಿಮ್ ಪಾಲಿಗ್ ಒಬ್ರ್ ಬಂದ್ರ್. ನನ್ ಪಾಲಿಗೂ ಒಬ್ರ್ ಬಂದ್ರ್. ಆ ದಿನ ನಂಗ್ ಪಾಲ್ ಕೊಟ್ಟದ್ದ್ ಹೌದಾ, ಅಲ್ದಾ?"

ಅವಳು ಸುರುಳಿಯ ಮೇಲೆ ಕೈಯೂರಿದಳು.

"ಪಾಲ್ ತಕಂಡವ್ಳ್ ನಾನ್. ಈಗ ತುಂಡ್ ಬ್ಯಾಡ ಅಂದ್ರೆ ಹ್ಯಾಂಗ್? ಆ ಪಾಲ್ ವಾಪಾಸ್ ಕೊಡ್ಕಾ? ಅಲ್ಲಿತ್ತ್ ಕಾಣಿ," ಅಂತ ದಿಬ್ಬದ ಕಡೆ ಕೈ ತೋರಿಸಿದಳು. "ಅಗ್ದ್ ಕೊಡುದಾ?"

ಬಚ್ಚ ದಿಬ್ಬ ನೋಡಲಿಲ್ಲ. ತನ್ನ ಕಾಲ ಹೆಬ್ಬೆರಳು ನೋಡಿದ. ಅವನು ಕೆಟ್ಟವನಲ್ಲ. ಅಂಗಿ ಬೀಸಿದವನಿಗೆ ತನ್ನ ಮಕ್ಕಳ ಗಂಜಿಯಲ್ಲಿ ಭಾಗ ಕೊಟ್ಟವನು. ಕೇರಿಯ ಕಟ್ಟಳೆ ಎಲ್ಲರಿಗೂ ತಿಳಿದದ್ದೇ. ತುಂಡಿಗೆ ಪಾಲು. ಪಾಲು ಕೊಟ್ಟಾಗಿದೆ ಅಂದರೆ ತುಂಡು ಉಂಟು. ಅದನ್ನು ತಿರುಗಿಸಿ ಹೇಳಲು ಯಾರ ಬಾಯಿಗೂ ಬರಲಿಲ್ಲ.

ಬಚ್ಚ ಎದ್ದ. ನನ್ನ ಅಂಚಿನ ಮೇಲಿಂದ ಅವಳ ಸುರುಳಿ ತೆಗೆದುಕೊಂಡು, ತನ್ನ ತುಂಡಿನ ತುದಿಗೆ ಸೇರಿಸಿ ಕಟ್ಟತೊಡಗಿದ. "ಗಂಟ್ ಸಮ ಹಾಕ್ಲಿಲ್ಲೆ ನೀ," ಅಂತ ಬೈದ. "ಸಮ ಇತ್ತ್, ನಿಮ್ ಕಣ್ಣ್ ಸಮ ಇಲ್ಲೆ," ಅಂದಳು ಅವಳು. ಅಲ್ಲಿದ್ದವರು ನಕ್ಕರು. ಒಂದು ವರ್ಷದ ಮೇಲೆ ಆ ಮರಳಲ್ಲಿ ಕೇಳಿದ ಮೊದಲ ನಗು ಅದು.

ಬಲೆ ಗಿಡ್ಡವೇ ಆಯಿತು. ಮೀನು ಕಡಿಮೆಯೇ ಬಂತು. ಎಲ್ಲರಿಗೂ ಸ್ವಲ್ಪ ಸ್ವಲ್ಪ ಬಂತು.

ಆಮೇಲಿನದು ಹೆಚ್ಚಿಲ್ಲ. ಯುದ್ಧ ಮುಗಿಯಿತು. ನೂಲು ಬಂತು, ನೈಲಾನು ಬಂತು. ಕುಷ್ಟ ತೀರಿಕೊಂಡ. ಶೀನ ಮಗನ ಮನೆಗೆ ಮಲ್ಪೆಗೆ ಹೋದ. ದುರ್ಗಿ ಕೂದಲು ಪೂರಾ ಬೆಳ್ಳಗಾಗುವವರೆಗೂ ಬಲೆಯ ಹಗ್ಗ ಎಳೆದು, ಒಂದು ಚಳಿಗಾಲ ಅತ್ತೆ ಮಲಗಿದ್ದ ಮೂಲೆಯಲ್ಲೇ ಮಲಗಿ ಹೋದಳು. ಎಂಜಿನಿನ ಬೋಟುಗಳು ಬಂದು ಹಿಂಡುಗಳನ್ನು ದೂರದಲ್ಲೇ ಬಾಚಿಕೊಂಡವು, ದಡಕ್ಕೆ ಬರುವ ಮೀನು ನಿಂತುಹೋಯಿತು. ರಂಪಣಿಯೂ ನಿಂತಿತು. ನನ್ನನ್ನು ಗಾಳಿಮರಗಳ ಅಡಿಯಲ್ಲಿ ಕವುಚಿ ಹಾಕಿದ್ದಾರೆ. ಚಪ್ಪರದ ತೆಂಗಿನ ಮಡಲು ಹಾರಿಹೋಗಿದೆ. ಹೊಲಿಗೆ ಅಲ್ಲಲ್ಲಿ ಬಿಚ್ಚಿದೆ, ಸಂದಿನಲ್ಲಿ ಏಡಿಗಳು ಮನೆ ಮಾಡಿವೆ. ನನಗೆ ಬೇಸರವಿಲ್ಲ. ಹೊತ್ತದ್ದನ್ನು ಒಮ್ಮೊಮ್ಮೆ ನೆನೆಸಿಕೊಳ್ಳುತ್ತೇನೆ. ಹಂಚು, ಬಲೆ, ಬಂಗಡೆ. ಮತ್ತೆ ಆ ಸಂಜೆಯವರು. ಅವರೆಲ್ಲ ಎಲ್ಲೆಲ್ಲಿಗೆ ಹೋದರೋ ನನಗೆ ಸುದ್ದಿಯಿಲ್ಲ. ಯಾವುದೋ ದಡದಲ್ಲಿ ಮುದುಕರಾಗಿ ಬಿಸಿಲು ಕಾಯಿಸುತ್ತಿರಬಹುದು ಅಂತ ಅಂದುಕೊಳ್ಳುತ್ತೇನೆ. ನನ್ನಂಥವರಿಗೆ ಅಷ್ಟು ಸಾಕು.

ಬಚ್ಚ ಇನ್ನೂ ಇದ್ದಾನೆ. ಹಲ್ಲಿಲ್ಲ, ಬಾಯಿ ಮಾತ್ರ ಹಾಗೇ ಇದೆ. ಬೆಳಗ್ಗೆ ಬಂದು ನನಗೆ ಒರಗಿ ಕೂರುತ್ತಾನೆ. ಮೊನ್ನೆ ಜನಗಣತಿಯ ಮೇಷ್ಟ್ರು ಒಬ್ಬರು ಅಲ್ಲಿಗೇ ಹುಡುಕಿಕೊಂಡು ಬಂದರು. ಮನೆಯಲ್ಲಿರುವ ಒಬ್ಬೊಬ್ಬರ ಪ್ರಾಯ ಕೇಳಿದರು. ಕಿರಿಮಗಳ ಸರದಿ ಬಂತು.

"ಅವ್ಳ್ ಹುಟ್ಟಿದ್ದ್ ಬಲೆ ಬಿಟ್ಟ ವರ್ಷ," ಅಂದ ಬಚ್ಚ.

"ಅದು ಯಾವ ಇಸವಿ ಅಜ್ಜ?"

"ಇಸ್ವಿ ಎಲ್ಲ ನಂಗ್ ಗೊತ್ತಿಲ್ಲೆ ಮೇಷ್ಟ್ರೇ. ಬಲೆ ಬಿಟ್ಟ ವರ್ಷ. ಕೇರಿಯಂಗೆ ಯಾರ್ ಹತ್ರ ಕೇಂಡ್ರೂ ಹೇಳ್ತ್ರ್."

ಮೇಷ್ಟ್ರು ಬೆವರು ಒರೆಸಿಕೊಂಡು ನಕ್ಕರು. "ನೀವು ಬಲೆ ದಿನಾ ಬಿಡುತ್ತಿದ್ದವರಲ್ಲವಾ ಅಜ್ಜ?"

ಬಚ್ಚ ನನಗೆ ಇನ್ನಷ್ಟು ಒರಗಿದ. ಅವನ ಬೆನ್ನಿನ ಎಲುಬು ನನ್ನ ಹಲಗೆಗೆ ಒತ್ತುತ್ತಿತ್ತು.

"ದಿನಾ ಬಿಡ್ತಿದ್ದದ್ದ್ ಹೌದ್," ಅಂದ. "ಎಳೂಕೆ ಯಾರೂ ಇಲ್ದೆ ಬಿಟ್ಟದ್ದ್ ಒಂದೇ ಸರ್ತಿ."